ಚಂದ್ರನಿಂದ ವಾಪಸ್ ಬಂದ ಕಮ್ಮಾರ

ಅಕ್ಕನಿಗೆ ನಾನು ಓದಿ ಹೇಳಿದ ಕಥೆಗಳಲ್ಲಿ ಒಬ್ಬನೂ ಸಾಯಲಿಲ್ಲ. ಪುಸ್ತಕದಲ್ಲಿ ಮಾತ್ರ ಹೆಚ್ಚುಕಮ್ಮಿ ಎಲ್ಲರೂ ಸತ್ತಿದ್ದರು.

ಆ ಪುಸ್ತಕ ಸಿಕ್ಕಿದ್ದು ತುಮಕೂರಿನ ಒಂದು ಗುಜರಿ ಅಂಗಡಿಯಲ್ಲಿ, ನಾನು ಬಿ.ಎಸ್ಸಿ. ಓದುತ್ತ ಹಾಸ್ಟೆಲಿನಲ್ಲಿದ್ದಾಗ. ರಟ್ಟು ಹರಿದುಹೋದ ದಪ್ಪ ಇಂಗ್ಲಿಷ್ ಪುಸ್ತಕ. ವಿಜ್ಞಾನದ ಕಥೆ ಅನ್ನುವುದು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದವು, ಎಲ್ಲ ಸಣ್ಣ ಸಣ್ಣ ಕಥೆಗಳು. ಬರೆದವರಲ್ಲಿ ಒಬ್ಬರೂ ವಿಮಾನ ಹತ್ತಿದ್ದಿರಲಾರರು. ಆದರೂ ಅವರ ಧೈರ್ಯ ನೋಡಿ, ಕಬ್ಬಿಣದ ಡ್ರಮ್ಮಿನಲ್ಲಿ ಜನರನ್ನು ಕೂರಿಸಿ ಆಕಾಶಕ್ಕೆ ಕಳಿಸುತ್ತಿದ್ದರು. ಮಂಗಳ ಗ್ರಹದಲ್ಲಿ ಸಾವಿರಾರು ಮೈಲಿ ಕಾಲುವೆ ತೋಡಿಬಿಟ್ಟಿದ್ದರು. ಫಿಸಿಕ್ಸ್ ಓದುತ್ತಿದ್ದ ನನಗೆ ಪುಟಕ್ಕೆ ಹತ್ತು ತಪ್ಪು ಕಾಣುತ್ತಿತ್ತು, ಆದರೂ ಪುಸ್ತಕ ಕೆಳಗಿಡಲು ಆಗುತ್ತಿರಲಿಲ್ಲ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರು. ಕನ್ನಡವನ್ನು ನನಗಿಂತ ಚೆನ್ನಾಗಿ ಓದುತ್ತಿದ್ದಳು, ಇಂಗ್ಲಿಷ್ ಬರುತ್ತಿರಲಿಲ್ಲ. ಬೇಸಿಗೆ ರಜೆಗೆ ನಾನು ನಮ್ಮೂರು ಕೊತ್ತಗೆರೆಗೆ ಹೋದರೆ ಅವಳು ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕಂಬಕ್ಕೆ ಒರಗಿ, ಇಂಗ್ಲಿಷ್ ನೋಡುತ್ತ ಕನ್ನಡದಲ್ಲಿ ಹೇಳುತ್ತ ಹೋಗುತ್ತಿದ್ದೆ. ಅಂಥ ಕೇಳುಗರು ನನಗೆ ಆಮೇಲೆ ಸಿಗಲಿಲ್ಲ. ಮಂಗಳ ಗ್ರಹದ ಕಾಲುವೆಯ ಕಥೆ ಕೇಳಿ, "ಅಷ್ಟುದ್ದ ಕಾಲುವೆಗೆ ತೂಬು ಎತ್ತೋನು ಯಾರ್ಲಾ? ನೀರುಗಂಟಿ ಇಲ್ದೆ ಹೆಂಗೆ?" ಅಂದಿದ್ದಳು. ಕೆರೆ ಕೆಳಗಿನ ಗದ್ದೆ ನೋಡಿಕೊಂಡು ಬೆಳೆದವಳ ಪ್ರಶ್ನೆ. ಬರೆದ ಪುಣ್ಯಾತ್ಮನಿಗೆ ಅದು ಹೊಳೆದೇ ಇರಲಿಲ್ಲ.

ಒಂದು ಸಂಜೆ ಕಮ್ಮಾರನ ಕಥೆ ಓದಿದೆ. ಒಬ್ಬ ಹಳ್ಳಿ ಕಮ್ಮಾರ ತಾನೇ ಬಡಿದು ಮಾಡಿದ ಕಬ್ಬಿಣದ ಗೋಳದಲ್ಲಿ ಕೂತು ಚಂದ್ರನಿಗೆ ಹೋಗುತ್ತಾನೆ. ಅಲ್ಲಿ ಇಳಿಯುವಾಗ ಗೋಳ ಸೀಳು ಬಿಡುತ್ತದೆ. ಒಳಗಿನ ಗಾಳಿ ಸೋರುತ್ತಿದೆ. ಅವನು ಹೆಂಡತಿಗೆ ಕಾಗದ ಬರೆಯಲು ಶುರು ಮಾಡುತ್ತಾನೆ, ಅರ್ಧ ವಾಕ್ಯಕ್ಕೆ ಕಾಗದ ನಿಲ್ಲುತ್ತದೆ. ಕಥೆ ಅಷ್ಟೇ.

ಅಕ್ಕನ ಕೈ ಹುಣಸೆಹಣ್ಣಿನಲ್ಲೇ ನಿಂತಿತ್ತು. "ಇಂಥ ಕಡೆ ನಿಲ್ಲಿಸ್ಬ್ಯಾಡ ಕಣ್ಲಾ, ದೀಪ ಹಚ್ಚೋ ಹೊತ್ತು. ಮುಂದಕ್ಕೋದು" ಅಂದಳು.

ಅದು ಅಪ್ಪನ ಕಟ್ಟಳೆ. ಶ್ರಾವಣದಲ್ಲಿ ಊರಿಗೆಲ್ಲ ಪುರಾಣ ಓದುತ್ತಿದ್ದವರು ಅಪ್ಪ. ಸಾವಿನ ಕಡೆ, ಅಳುವಿನ ಕಡೆ ಪುಸ್ತಕ ಮುಚ್ಚುವಂತಿಲ್ಲ. ಕೇಳಿದವರು ಅದನ್ನೇ ಹೊತ್ತುಕೊಂಡು ಮನೆಗೆ ಹೋಗುತ್ತಾರೆ. ಎಷ್ಟೇ ಹೊತ್ತಾದರೂ ಒಂದು ಒಳ್ಳೆಯ ಸುದ್ದಿ ಬರುವ ತನಕ ಓದಿ, ಆಮೇಲೆ ಮಂಗಳಾರತಿ. ಪುರಾಣದಲ್ಲಾದರೆ ನಾಲ್ಕು ಪದ್ಯ ಮುಂದೆ ಹೋದರೆ ಮದುವೆಯೋ ಮಗುವೋ ಸಿಗುತ್ತದೆ. ನನ್ನ ಪುಸ್ತಕದಲ್ಲಿ ಏನಿತ್ತು? ಪುಟ ತಿರುವಿದೆ, ಖಾಲಿ. ಆ ಖಾಲಿ ಹಾಳೆಯ ಮೇಲೆ ಬೆರಳಾಡಿಸುತ್ತ ಓದಿದೆ: ಕಮ್ಮಾರ ಅಂಗಿ ಹರಿದು ಸೀಳಿಗೆ ತುರುಕಿದ, ವಾಪಸ್ ಬಂದ, ಹೆಂಡತಿ ಅನ್ನ ಬಡಿಸಿದಳು. ಅಕ್ಕ ಉಸಿರು ಬಿಟ್ಟು ಎದ್ದು ಒಳಗೆ ಹೋಗಿ ದೀಪ ಹಚ್ಚಿದಳು.

ಅಲ್ಲಿಂದ ನನಗೆ ರೂಢಿಯಾಯಿತು. ನಂದಿಹೋದ ಸೂರ್ಯನನ್ನು ಮತ್ತೆ ಹೊತ್ತಿಸಿದೆ, ಮುಳುಗಿದ ಊರುಗಳನ್ನು ಎತ್ತಿ ನಿಲ್ಲಿಸಿದೆ. ಸುಳ್ಳು ಹೇಳುತ್ತಿದ್ದೇನೆ ಅಂತ ಒಂದು ಸಲವೂ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ಹೆಮ್ಮೆ ಇತ್ತು.

ಅಕ್ಕನನ್ನು ಚೇಳೂರಿಗೆ ಕೊಟ್ಟರು. ನಾನು ಹೈಸ್ಕೂಲ್ ಮೇಷ್ಟ್ರಾಗಿ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಮನೆ ಮಾಡಿದೆ. ಅಪ್ಪ ಹೋದ ಮೇಲೆ ಅವ್ವ ನನ್ನ ಹತ್ತಿರ ಬಂದಳು. ಇಪ್ಪತ್ತು ವರ್ಷದ ಹಿಂದೆ ಅವಳು ಹಾಸಿಗೆ ಹಿಡಿದಾಗ ಸ್ಕ್ಯಾನ್ ಮಾಡಿಸಿದೆ. ರಿಪೋರ್ಟ್ ಬಂದ ದಿನ ಅಕ್ಕನೂ ಬಂದಿದ್ದಳು. ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, ಇನ್ನು ದಿನಗಳ ಲೆಕ್ಕ, ಬರುವವರಿಗೆಲ್ಲ ಹೇಳಿ ಕಳಿಸಿ ಅಂದರು. ಮನೆಗೆ ಬಂದಾಗ ಮುಸ್ಸಂಜೆ. ಅವ್ವನ ಮಂಚದ ಪಕ್ಕ ಕೂತು ಅಕ್ಕ, "ಏನ್ ಬರ್ದವ್ರೆ, ಓದ್ಲಾ" ಅಂದಳು. ನಾನು ಆ ಇಂಗ್ಲಿಷ್ ಹಾಳೆಯ ಮೇಲೆ ಬೆರಳಾಡಿಸುತ್ತ ಓದಿದೆ: ಕರುಳಿನಲ್ಲಿ ಹುಣ್ಣು, ಹದಿನೈದು ದಿನ ಮಾತ್ರೆ, ವಾಸಿಯಾಗುತ್ತದೆ.

ನಾಳೆ ಹೇಳೋಣ ಅಂದುಕೊಂಡಿದ್ದೆ. ಆದರೆ ಅಕ್ಕನಿಗೆ ತೋಟದಲ್ಲಿ ಕಾಯಿ ಕೀಳಿಸುವ ಕೆಲಸವಿತ್ತು. ಹದಿನೈದು ದಿನ ಇದೆಯಲ್ಲ, ಮುಗಿಸಿ ಬರ್ತೀನಿ ಅಂತ ಬೆಳಗಿನ ಬಸ್ಸಿಗೇ ಹೊರಟಳು. ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಹೋದವನು ನಾನೇ. ಬಾಯಿ ಬಿಡಲಿಲ್ಲ. ಅವ್ವ ಎರಡು ದಿನ ಬಾಗಿಲ ಕಡೆ ನೋಡಿದಳು, ಅಕ್ಕನ ಹೆಸರು ಹಿಡಿದು ಕರೆದಳು. ನಾನು ಅಕ್ಕನಿಗೆ ಫೋನ್ ಮಾಡುವಷ್ಟರಲ್ಲಿ ಅವ್ವ ಹೋಗಿಬಿಟ್ಟಿದ್ದಳು. ಮಣ್ಣಿಗೆ ಬಂದ ಅಕ್ಕನಿಗೆ, "ಇದ್ದಕ್ಕಿದ್ದಂಗೆ ಆಗೋಯ್ತು ಕಣಕ್ಕ, ಡಾಕ್ಟ್ರಿಗೂ ಗೊತ್ತಾಗ್ಲಿಲ್ಲ" ಅಂದೆ. ಅದನ್ನೂ ನಂಬಿದಳು.

ಹೋದ ವರ್ಷ ಅಕ್ಕ ಆ ಪುಸ್ತಕ ಕೇಳಿದಳು. ಅವಳ ಸೊಸೆ ಗುಬ್ಬಿಯಲ್ಲಿ ಇಂಗ್ಲಿಷ್ ಟೀಚರು. ಅತ್ತೆಯ ಬಾಯಲ್ಲಿ ಕಮ್ಮಾರನ ಕಥೆ ಕೇಳಿ ಕೇಳಿ ಆಕೆಗೂ ಆಸೆಯಾಗಿತ್ತಂತೆ. ನನ್ನ ಬುದ್ಧಿಗೆ ಮಂಕು ಕವಿದಿತ್ತು. ಹೊಸ ರಟ್ಟು ಹಾಕಿಸಿ, ಖುಷಿಯಿಂದ ಕಳಿಸಿಕೊಟ್ಟೆ.

ವಾರಕ್ಕೆ ಫೋನ್ ಬಂತು. "ಲೋ, ಕಮ್ಮಾರ ವಾಪಸ್ ಬರ್ಲೇ ಇಲ್ವಂತಲ್ಲೋ" ಅಂದಳು.

ನಾನು ನಕ್ಕೆ. "ದೀಪ ಹಚ್ಚೋ ಹೊತ್ತು ಅಂದೆಯಲ್ಲಕ್ಕ, ಅದಕ್ಕೇ ಕರ್ಕೊಂಡ್ ಬಂದೆ" ಅಂದೆ.

"ಐದು ಕಥೆ ಓದಿದ್ಲು. ಐದ್ರಲ್ಲೂ ಸತ್ತವ್ರೆ."

ಹಳೇ ಪುಸ್ತಕ ಅಲ್ವಾ ಅಂತ ನಾನು ಮಾತು ತೇಲಿಸಲು ನೋಡಿದೆ. ಅಕ್ಕ ನಡುವೆಯೇ ತಡೆದಳು.

"ಅವ್ವನ ರಿಪೋರ್ಟು ಓದ್ದೋನೂ ನೀನೇ ಅಲ್ವಾ?"

ಆಗಲೂ ಒಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ನಂಬುತ್ತಿದ್ದಳೋ ಏನೋ. "ಹೂಂ" ಅಂದೆ.

"ನಂಗೆ ಗೊತ್ತಿದ್ದಿದ್ರೆ ಕಾಯಿ ಮರದಲ್ಲೇ ಒಣಗ್ಲಿ ಅಂತಿದ್ದೆ ಕಣೋ" ಅಂದು ಫೋನಿಟ್ಟಳು. ಎಂಟು ತಿಂಗಳು ಮಾತಿಲ್ಲ. ಪುಸ್ತಕವನ್ನು ಸೊಸೆಯ ಕೈಲಿ ವಾಪಸ್ ಕಳಿಸಿದಳು. ನಾನು ಅದನ್ನು ಮತ್ತೆ ತೆರೆದು ಓದಿದೆ. ಆ ಹಳೆಯ ಕಾಲದವರಿಗೆ ವಿಜ್ಞಾನ ಅರೆಬರೆ ಗೊತ್ತಿತ್ತು, ಲೆಕ್ಕಗಳೆಲ್ಲ ತಪ್ಪು. ಆದರೆ ಸಾಯುವವನನ್ನು ಸಾಯುತ್ತಾನೆ ಅಂತ ಬರೆಯುವ ಮರ್ಯಾದೆ ಇತ್ತು. ಲೆಕ್ಕ ಸರಿಯಾಗಿ ಕಲಿತ ನನಗೆ ಅದು ಇರಲಿಲ್ಲ.

ಹೋದ ತಿಂಗಳು ಅಕ್ಕನೇ ಬಂದಳು. ಹೊಟ್ಟೆ ನೋವು, ಊಟ ಸೇರುವುದಿಲ್ಲ. ತುಮಕೂರಿನಲ್ಲಿ ಸ್ಕ್ಯಾನ್ ಮಾಡಿಸಬೇಕು. ಸೊಸೆಗೆ ಪರೀಕ್ಷೆ ಡ್ಯೂಟಿ. ಬೇರೆ ದಾರಿ ಇಲ್ಲದೆ ಬಂದಳು ಅಂದುಕೊಂಡೆ. ಆದರೆ ಕೈಯಲ್ಲಿ ಒಂದು ಕವರಿತ್ತು, ಕೊಬ್ಬರಿ ಮಿಠಾಯಿಯ ವಾಸನೆ. ಮೊದಲೆಲ್ಲ ಚೇಳೂರಿನಿಂದ ಬಂದಾಗ ತಪ್ಪದೆ ನನಗೆ ತರುತ್ತಿದ್ದದ್ದು. ಅದನ್ನು ನೋಡಿ ಜೀವ ಬಂದಂತಾಯಿತು.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಒಂದೂವರೆ ಗಂಟೆ ಕಾದೆವು. ರಿಪೋರ್ಟ್ ಕೈಗೆ ಬಂತು. ಒಂದು ಸಲ ಓದಿದೆ, ಎರಡು ಸಲ, ಮೂರನೇ ಸಲ. ಪಿತ್ತಕೋಶದಲ್ಲಿ ಸಣ್ಣ ಕಲ್ಲು. ಬೇರೆಲ್ಲ ಸರಿಯಾಗಿದೆ.

"ಏನೂ ಇಲ್ಲಕ್ಕ, ಒಂದು ಸಣ್ಣ ಕಲ್ಲು ಅಷ್ಟೇ!" ಅಂದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಪಕ್ಕದ ಕುರ್ಚಿಯ ಹೆಂಗಸಿನ ಕಡೆ ಚಾಚಿದಳು. ಯಾರೋ ಏನೋ, ತನ್ನ ಸರದಿಗೆ ಕಾಯುತ್ತಿದ್ದವಳು.

"ಒಸಿ ಇದ ಓದಿ ಹೇಳವ್ವ. ಇದ್ದಿದ್ ಇದ್ದಂಗೇ ಹೇಳು, ಏನಿದ್ರೂ ಪರ್ವಾಗಿಲ್ಲ."

ಆ ಹೆಂಗಸು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. "ಸಣ್ಣ ಕಲ್ಲು ಅಂತ ಬರೆದವ್ರೆ ಅಮ್ಮ, ಇನ್ನೇನೂ ಇಲ್ಲ, ಹೆದರ್ಕೋಬೇಡಿ" ಅಂದಳು. ನಾನು ಹೇಳಿದ್ದ ಮಾತೇ.

ಅಕ್ಕ ಅವಳ ಎರಡೂ ಕೈ ಹಿಡಿದುಕೊಂಡು ಅತ್ತಳು. "ನಿನ್ ಬಾಯಿಗೆ ಸಕ್ಕರೆ ಹಾಕ" ಅಂದಳು. ಕೊಬ್ಬರಿ ಮಿಠಾಯಿಯ ಕವರನ್ನು ಅವಳ ಮಡಿಲಿಗಿಟ್ಟಳು.