ಒಸಡಿನ ಹೊಲಿಗೆ

ಟೈಲರಕ್ಕನ ಅಂಗಡಿಯಿಂದ ಹೊರಬಿದ್ದ ಬಟ್ಟೆಯಲ್ಲಿ ದಾರದ ತುದಿ ಜೋತಾಡಿದ್ದನ್ನು ಕಂಡವರಿಲ್ಲ. ಬೇರೆಯವರು ಹೊಲಿದ ಅಂಗಿಯಲ್ಲಿ ಕಂಡರೂ ಆಕೆ ಸುಮ್ಮನಿರುವವಳಲ್ಲ. ತೊಟ್ಟವರನ್ನು ಬೀದಿಯಲ್ಲೇ ನಿಲ್ಲಿಸಿ, ಕೊರಳಲ್ಲಿ ಸದಾ ನೇತಾಡುವ ಪುಟ್ಟ ಕತ್ತರಿಯಿಂದ ಕತ್ತರಿಸಿಯೇ ಕಳಿಸುವಳು. "ಅಕ್ಕನ ಕಣ್ಣಿಗೆ ಬಿದ್ರೆ ನನ್ನ ಮೀಸೆನೂ ಉಳಿಯಲ್ಲ" ಎಂದು ಪಕ್ಕದ ಅಂಗಡಿಯ ಬೀಗದವನು ನಗಾಡುತ್ತಿದ್ದ.

ಇಂಥವಳ ಕೋರೆಹಲ್ಲಿನ ಪಕ್ಕದ ಹಲ್ಲು ಹುಳುಕಾಗಿ ಕೆನ್ನೆ ಊದಿಕೊಂಡಿತು. ಖಾಸಗಿ ಕ್ಲಿನಿಕ್ಕಿನವರು ಹೇಳಿದ ಮೊತ್ತ ಕೇಳಿ ನೋವೇ ಒಂದು ಗಳಿಗೆ ಮರೆತುಹೋಯಿತು. "ಆ ದುಡ್ಡಿಗೆ ಹೊಸ ಮೆಷಿನ್ನೇ ಬರುತ್ತೆ" ಎಂದು ಎದ್ದು ಬಂದಳು. ಸಿಕ್ಕಸಿಕ್ಕವರನ್ನು ಕೇಳಿ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗವನ್ನು ಪತ್ತೆ ಹಚ್ಚಿದಳು. ಚೀಟಿ ಮುಗಿಯಿತೆಂದು ಮೊದಲ ದಿನ ವಾಪಸ್ ಕಳಿಸಿದರು. ಮರುದಿನ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದಳು. ರಿಯಾಯಿತಿ ಕಾರ್ಡು ಇದ್ದುದರಿಂದ ಕಾಸು ಬಿಚ್ಚದೆ ಕೆಲಸವಾಯಿತು. ಎಳೆಯ ಡಾಕ್ಟರಮ್ಮ ಒಬ್ಬಳು ಹಲ್ಲು ಕಿತ್ತು, ಒಸಡಿಗೆ ಹೊಲಿಗೆ ಹಾಕಿ, "ವಾರ ಬಿಟ್ಟು ಬನ್ನಿ ಅಕ್ಕ, ದಾರ ತೆಗೀತೀನಿ" ಎಂದಳು.

ಮಾರನೆಯ ದಿನ ಭಾನುವಾರದ ರಜೆ. ಆದರೂ ಮೆಷಿನ್ ಮುಂದೆ ಕೂತವಳ ನಾಲಿಗೆಗೆ ಆ ದಾರದ ತುದಿ ತಗುಲಿತು. ತಗುಲಿದ್ದೇ ತಡ, ಮನಸ್ಸು ಬೇರೆಲ್ಲೂ ನಿಲ್ಲದಾಯಿತು. ಪಾಪ, ಹುಡುಗಿಗೆ ಕೆಲಸ ಹೊಸದು, ತುದಿ ಬಿಟ್ಟುಬಿಟ್ಟಿದ್ದಾಳೆ ಎಂದುಕೊಂಡು ಕನ್ನಡಿ ಹಿಡಿದಳು. ತುದಿ ಎಳೆದು ಬುಡಕ್ಕೇ ಕತ್ತರಿ ಹಾಕಿದಳು. ಗಂಟೂ ಕೈಗೆ ಬಂತು, ಹಿಂದೆಯೇ ರಕ್ತವೂ ಬಂತು. ಹತ್ತಿ ಒತ್ತಿದರೂ ನಿಲ್ಲಲಿಲ್ಲ.

"ನಾಳೆ ಆಸ್ಪತ್ರೆ ತೆಗೆಯೋ ತನಕ ಹತ್ತಿ ಕಚ್ಕೊಂಡಿರಿ ಅತ್ತಿಗೆ" ಎಂದಳು ಮನೆಯಲ್ಲಿದ್ದ ನಾದಿನಿ.

"ನಾನು ಕಾಯ್ತೀನಿ, ರಕ್ತ ಕಾಯಬೇಕಲ್ಲ!" ಅಕ್ಕ ಚಪ್ಪಲಿ ಮೆಟ್ಟಿದಳು.

ದಾರಿಯುದ್ದಕ್ಕೂ ನಾದಿನಿಯದು ಒಂದೇ ಪಾಠ. "ನೀವೇ ಕತ್ತರಿಸಿದ್ದು ಅಂತ ಬಾಯಿಬಿಡ್ಬೇಡಿ. ಆಮೇಲೆ ಕಾರ್ಡು ನಡೆಯಲ್ಲ, ದುಡ್ಡು ಕೀಳ್ತಾರೆ. ತಾನಾಗೇ ಬಿಚ್ಕೊಳ್ತು ಅನ್ನಿ." ಅಕ್ಕನಿಗೂ ಅದೇ ಸರಿ ಅನ್ನಿಸಿತ್ತು.

"ಇವತ್ತು ಹಲ್ಲಿನವರು ಇಲ್ಲ" ಎಂದು ಗೇಟಿನ ಕಾವಲುಗಾರ ಕೈ ಅಡ್ಡ ಹಿಡಿದ. ಅಕ್ಕ ಬಾಯಿಂದ ಹತ್ತಿ ತೆಗೆದು ಅವನ ಮುಂದೆ ಹಿಡಿದಳು. "ಹಾಗಾದ್ರೆ ತುರ್ತು ವಿಭಾಗ ಅಂತ ಬೋರ್ಡು ಯಾಕೆ ಹಾಕಿದ್ದೀರಿ? ಒಳಗಿರೋರಿಗೆ ಹೇಳು, ಇವಳು ಹೋಗಲ್ವಂತೆ ಅಂತ." ಅವನು ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿಸಿದ.

ಬಂದವರು ಹಿರಿಯ ಡಾಕ್ಟರು, ಜೊತೆಯಲ್ಲಿ ಅದೇ ಎಳೆಯ ಡಾಕ್ಟರಮ್ಮ. ಹಿರಿಯರು ಅಕ್ಕನ ಬಾಯೊಳಗೆ ಬೆಳಕು ಬಿಟ್ಟು ನೋಡಿದರು. "ಯಾರು ಹಾಕಿದ್ದು ಈ ಹೊಲಿಗೆ? ಒಂದೇ ದಿನಕ್ಕೆ ಬಿಚ್ಚಿದೆ!"

"ನಾನೇ ಸರ್" ಎಂದ ಹುಡುಗಿಯ ಮುಖ ಬಿಳಿಚಿಕೊಂಡಿತು.

"ಇನ್ಮೇಲೆ ಸೂಜಿ ಮುಟ್ಬೇಡ."

ತಾವೇ ಹರಿದುಕೊಂಡು ಬಂದು 'ನಿನ್ನ ಹೊಲಿಗೆ ಸರಿಯಿಲ್ಲ' ಎಂದ ಗಿರಾಕಿಗಳ ಮಾತನ್ನು ಅಕ್ಕ ಎಷ್ಟು ನುಂಗಿಲ್ಲ! ಇಂದು ತಾನೂ ಅದೇ ಗಿರಾಕಿಯಾಗಿ ಕೂತಿದ್ದಳು. ಡಾಕ್ಟರ ಕೈ ಸರಿಸಿ, ಬಾಯಲ್ಲಿ ತುಂಬಿದ್ದ ರಕ್ತ ಉಗಿದಳು.

"ಸರ್, ಹೊಲಿಗೆ ಗಟ್ಟಿಯಾಗೇ ಇತ್ತು. ಕತ್ತರಿಸಿದ್ದು ನಾನು. ತುದಿ ಜೋತಾಡ್ತಿತ್ತು, ಸುಮ್ನಿರೋಕಾಗ್ಲಿಲ್ಲ. ದುಡ್ಡು ಎಷ್ಟಾಗುತ್ತೋ ಹೇಳಿ, ಕಂತಲ್ಲಿ ಕಟ್ತೀನಿ. ಆ ಮಗೂನ ಬೈಬೇಡಿ."

ಬಾಗಿಲಲ್ಲಿ ನಾದಿನಿ ಹಣೆ ಚಚ್ಚಿಕೊಂಡಳು. "ರಕ್ತ ಸುರಿಸ್ಕೊಂಡು ಬಂದೋರ ಹತ್ರ ಇಲ್ಲಿ ದುಡ್ಡು ಕೇಳಲ್ಲಮ್ಮ, ತಪ್ಪು ಯಾರದೇ ಆಗಿರ್ಲಿ" ಎಂದು ಹಿರಿಯರು ಸೂಜಿಯನ್ನು ಹುಡುಗಿಯ ಕೈಗೇ ಕೊಟ್ಟರು.

ಅವಳು ಮತ್ತೆ ಹೊಲಿದಳು. ಬಿಚ್ಚುವಾಗ ಹಿಡಿಯಲೆಂದು ತುದಿಯನ್ನೂ ಮೊದಲಿನಷ್ಟೇ ಬಿಟ್ಟಳು. ಆಮೇಲೆ ಅಕ್ಕನ ಮುಂದೆ ಅಂಗೈ ಚಾಚಿದಳು. "ಕೊರಳಲ್ಲಿರೋ ಕತ್ತರಿ ಕೊಡಿ ಅಕ್ಕ. ವಾರ ಬಿಟ್ಟು ಬಂದಾಗ ವಾಪಸ್ ಕೊಡ್ತೀನಿ."

ಕಾವಲುಗಾರನಿಗೆ ಜಗ್ಗದವಳು ಇಲ್ಲಿ ಎರಡು ಸಲ ಕತ್ತರಿ ಮುಟ್ಟಿ ನೋಡಿಕೊಂಡಳು. ಆಮೇಲೆ ಕೊರಳಿಂದ ಬಿಚ್ಚಿ ಕೊಟ್ಟಳು.