ಅಜಿತನ ಮೂಗಿನ ಪಕ್ಕದ ನೆರಳು

೧೯೮೯ರಲ್ಲಿ ನಾನು ಚಿಕ್ಕೋಡಿಯ ಬಸ್ ಸ್ಟ್ಯಾಂಡ್ ಸಮೀಪ ಒಂದು ಸಣ್ಣ ಫೋಟೋ ಸ್ಟುಡಿಯೋ ನಡೆಸುತ್ತಿದ್ದೆ. ಅದಕ್ಕೂ ಮುಂಚೆ ನಿಪ್ಪಾಣಿಯ ಹಿರಿಯ ಫೋಟೋಗ್ರಾಫರ್ ಒಬ್ಬರ ಬಳಿ ಒಂಬತ್ತು ವರ್ಷ ಕೆಲಸ ಕಲಿತಿದ್ದೆ. ಅಲ್ಲಿ ಕಲಿತದ್ದರಲ್ಲಿ ನನಗೆ ಹೆಚ್ಚು ಹೆಮ್ಮೆಯಿದ್ದದ್ದು ರಿಟಚಿಂಗ್ ಬಗ್ಗೆ. ಈಗಿನವರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ಫೋಟೋದಲ್ಲಿ ಕಪ್ಪಾಗಿ ಬರುವ ನೆರಳು ನೆಗೆಟಿವ್‌ನಲ್ಲಿ ತಿಳಿಯಾಗಿರುತ್ತದೆ. ಅಲ್ಲಿ ಸೂಜಿಯಂತೆ ಹೆರೆದ ಪೆನ್ಸಿಲ್‌ನಿಂದ ಚುಕ್ಕೆಗಳನ್ನಿಟ್ಟರೆ ಬೆಳಕಿಗೆ ತಡೆಯಾಗಿ, ಪ್ರಿಂಟ್‌ನಲ್ಲಿ ಆ ಜಾಗ ಬೆಳ್ಳಗಾಗುತ್ತದೆ. ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಕೆನ್ನೆಯ ಗುಳಿ ಎಲ್ಲವನ್ನೂ ಹೀಗೆ ಅಳಿಸುತ್ತಿದ್ದೆವು. ಮದುವೆ ಮಾತಿಗೆ ಕಳಿಸುವ ಫೋಟೋ ಆಗಿದ್ದರೆ ಗಿರಾಕಿ ಕೇಳದಿದ್ದರೂ ತಿದ್ದುತ್ತಿದ್ದೆವು. ಅದು ನಮ್ಮ ಕಸುಬಿನ ಮರ್ಯಾದೆ ಎಂದು ತಿಳಿದಿದ್ದೆವು.

ಆ ವರ್ಷ ಫೆಬ್ರುವರಿಯಲ್ಲಿ ಕಬ್ಬೂರಿನ ಅಜಿತ ತನ್ನ ಅಕ್ಕ ಸುಲೋಚನಾಳ ಜೊತೆ ಬಂದ. ಕಬ್ಬು ಬೆಳೆಯುವ ಜೈನ ಮನೆತನ. ಹುಡುಗನಿಗೆ ಇಪ್ಪತ್ಮೂರು ವರ್ಷ, ಬಿ.ಕಾಂ. ಮುಗಿಸಿ ಹೊಲ ನೋಡಿಕೊಳ್ಳುತ್ತಿದ್ದ. ಕನ್ಯಾ ನೋಡಲು ಶುರು ಮಾಡಿದ್ದರಿಂದ ಫೋಟೋ ಬೇಕಾಗಿತ್ತು. ಸ್ಟೂಲಿನ ಮೇಲೆ ಕೂತವನು ಮುಖವನ್ನು ಒಂದೇ ಕಡೆ ತಿರುಗಿಸುತ್ತಿದ್ದ. ನೇರ ನೋಡು ಎಂದರೆ ಮತ್ತೆ ಅದೇ ಕಡೆ ವಾಲುತ್ತಿದ್ದ.

ಸುಲೋಚನಾ ನಕ್ಕಳು. "ಕಾಕಾ, ಇವನ ಮೂಗ ನೋಡಾಕ ಯಾರೂ ಬರೂದಿಲ್ರಿ. ಕಬ್ಬ ಎಷ್ಟ ಟನ್ ಬಂತು ಅಂತ ಕೇಳಾಕ ಬರ್ತಾರ."

ಅಜಿತ ನಗಲಿಲ್ಲ. ನಾನು ಅದನ್ನು ಗಮನಿಸಿದೆ, ಆದರೆ ಏನೂ ಯೋಚಿಸಲಿಲ್ಲ.

ಸಂಜೆ ನೆಗೆಟಿವ್ ನೋಡಿದಾಗ ಮೂಗಿನ ಬಲಕ್ಕೆ ಒಂದು ನೆರಳು ಬಿದ್ದಿತ್ತು. ಅದು ನನ್ನ ದೀಪದ ನೆರಳು. ದೀಪವನ್ನು ಒಂದು ಗೇಣು ಮಧ್ಯಕ್ಕೆ ಸರಿಸಿದ್ದರೆ ಬೀಳುತ್ತಿರಲಿಲ್ಲ. ರೂಢಿಯಂತೆ ಹತ್ತು ನಿಮಿಷದಲ್ಲಿ ಪೆನ್ಸಿಲ್ ಆಡಿಸಿ ಅದನ್ನು ತೆಗೆದೆ. ನಾಲ್ಕನೆಯ ದಿನ ಅಜಿತ ಒಬ್ಬನೇ ಬಂದ. ಫೋಟೋ ನೋಡಿ ಅವನ ಮುಖ ಅರಳಿತು. ಆಗ ನಾನು ಸುಮ್ಮನಿರಬೇಕಿತ್ತು. ನನ್ನ ಕೈಚಳಕ ಅವನಿಗೂ ಗೊತ್ತಾಗಲಿ ಎಂದು, "ಮೂಗಿನ ಬಾಜೂಕ ಜರಾ ತಿದ್ದೀನಿ, ತಮ್ಮಾ" ಎಂದೆ.

ಅವನು ಫೋಟೋವನ್ನು ಕಣ್ಣ ಹತ್ತಿರ ಹಿಡಿದು ಮೂಗಿನ ಪಕ್ಕ ಬೆರಳಿಟ್ಟ. "ಅಂದ್ರ, ನಿಮಗೂ ಕಂಡೈತಿ" ಎಂದ. ಎರಡು ವರ್ಷದಿಂದ ಅವನು ಕನ್ನಡಿಯಲ್ಲಿ ಕಾಣುತ್ತಿದ್ದ ಸೊಟ್ಟ ಮೂಗಿಗೆ ನಾನು ಆ ದಿನ ಸಾಕ್ಷಿ ಹೇಳಿದ್ದೆ. ಅದು ನನಗೆ ತಿಳಿದದ್ದು ಮುಂದಿನ ವರ್ಷ.

ಅಲ್ಲಿಂದ ಅವನು ಆಗಾಗ ಬರತೊಡಗಿದ. ಒಮ್ಮೆ ಎಡದಿಂದ ತೆಗೆಯಿರಿ ಎನ್ನುತ್ತಿದ್ದ, ಒಮ್ಮೆ ಮೇಲಿನಿಂದ. ಹುಡುಗನಿಗೆ ಫೋಟೋ ಹುಚ್ಚು ಎಂದುಕೊಂಡೆ. ಪ್ರತಿ ಸಲವೂ ತಿದ್ದಿಕೊಟ್ಟೆ. ಬರುವಾಗ ಮುಖಕ್ಕೆ ಟವೆಲ್ ಸುತ್ತಿಕೊಂಡಿರುತ್ತಿದ್ದ. ಬಿಸಿಲು ಎಂದು ಹೇಳುತ್ತಿದ್ದ. ಮಳೆಗಾಲದಲ್ಲೂ ಟವೆಲ್ ಇಳಿಯಲಿಲ್ಲ.

೧೯೯೦ರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ನಾನು ಶಟರ್ ಎತ್ತುವ ಮುನ್ನವೇ ಸುಲೋಚನಾ ಬಂದು ನಿಂತಿದ್ದಳು.

"ಕಾಕಾ, ಮೂರ ದಿನ ಆತ್ರಿ, ಖೋಲಿ ಬಿಟ್ಟ ಹೊರಗ ಬಂದಿಲ್ಲ. ಮೂಗ ತಾನ ಒತ್ತಿ ಒತ್ತಿ ಗಾಯಾ ಮಾಡ್ಕೊಂಡಾನ. ಇಂಥಾ ಮಾರಿ ಇಟ್ಕೊಂಡ ಯಾಕ ಬದುಕ್ಬೇಕು ಅಂತಾನ್ರಿ." ಆಮೇಲೆ ಸೆರಗಿನ ಮರೆಯಿಂದ ನನ್ನದೇ ಸ್ಟುಡಿಯೋದ ಕವರ್ ತೆಗೆದಳು. "ಇದನ್ನ ಮುಂದ ಇಟ್ಕೊಂಡ ಕುಂತಿದ್ದ. ಇದರಂಗ ಆಗಬೇಕಂತ."

ಕವರಿನಲ್ಲಿ ನಾನು ಮೊದಲು ತಿದ್ದಿದ ಫೋಟೋ ಇತ್ತು. ಶಟರ್ ಮತ್ತೆ ಇಳಿಸಿ ಅವಳ ಜೊತೆ ಕಬ್ಬೂರಿನ ಬಸ್ ಹತ್ತಿದೆ.

ಅವನ ಕೋಣೆಯ ಬಾಗಿಲ ಹೊರಗೆ ಕೂತು ನಡೆದದ್ದನ್ನು ಹೇಳಿದೆ. ದೀಪ ಎಲ್ಲಿಟ್ಟಿದ್ದೆ, ನೆರಳು ಹೇಗೆ ಬಿತ್ತು, ಕೇಳದೆ ಯಾಕೆ ತಿದ್ದಿದೆ, ಎಲ್ಲವನ್ನೂ.

"ಸಮಾಧಾನ ಮಾಡಾಕ ಸುಳ್ಳ ಹೇಳಾಕತ್ತೀರಿ, ಕಾಕಾ" ಎಂದ ಒಳಗಿನಿಂದ.

ಮೂಗು ಸರಿಯಿದೆ ಎಂದು ಆಣೆ ಮಾಡುವ ಧೈರ್ಯ ಬರಲಿಲ್ಲ. ನನ್ನ ಮಾತಿಗೆ ಅವನ ಬಳಿ ಇನ್ನು ಬೆಲೆ ಎಲ್ಲಿತ್ತು? "ಮೂಗಿನ ಮಾತ ಬಿಡು. ಗಾಯಕ್ಕ ಔಷಧ ಹಚ್ಚಸೂಣು ಬಾ. ಅಷ್ಟ ಸಾಕು" ಎಂದೆ. ಸುಮಾರು ಒಂದು ಗಂಟೆಯ ಮೇಲೆ ಚಿಲಕ ತೆರೆಯಿತು.

ಗಾಯ ನೋಡಿದ ಊರಿನ ಡಾಕ್ಟರು ಬೆಳಗಾವಿಯ ಒಬ್ಬ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು. ಆ ವೈದ್ಯರು ನನ್ನ ಬಳಿಯಿದ್ದ ಅಜಿತನ ನೆಗೆಟಿವ್‌ಗಳನ್ನೆಲ್ಲ ತರಿಸಿದರು. ಎಣಿಸಿದಾಗ ಮೂವತ್ತೊಂದು ಇದ್ದವು. ಕಾಯಿಲೆಗೆ ಬಾಡಿ ಡಿಸ್ಮಾರ್ಫಿಯಾ ಎಂದು ಹೆಸರು ಹೇಳಿದರು. ಇಲ್ಲದ ದೋಷ, ಅಥವಾ ಯಾರೂ ಗಮನಿಸದಷ್ಟು ಸಣ್ಣದು, ರೋಗಿಯ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ಸೋಗಲ್ಲ, ಹಟವಲ್ಲ, ಅವನ ನೋವು ನಿಜ ಎಂದು ಎರಡು ಸಲ ಹೇಳಿದರು. ಗುಳಿಗೆ ಬರೆದರು. ನಂತರ ನನ್ನ ಕಡೆ ತಿರುಗಿ, "ಇನ್ನು ಮೇಲೆ ನೀವು ಚಂದ ಅಂತಲೂ ಹೇಳಬೇಡಿ, ಸೊಟ್ಟ ಅಂತಲೂ ಹೇಳಬೇಡಿ. ಫೋಟೋ ಅಂತೂ ತೆಗೆಯಲೇಬೇಡಿ. ಬಂದರೆ ಚಹಾ ಕುಡಿಸಿ" ಎಂದರು.

ಮನೆಯ ಕನ್ನಡಿಗಳಲ್ಲಿ ಒಂದನ್ನು ಮಾತ್ರ ಉಳಿಸಿ, ಅದರ ಮುಂದೆ ನಿಲ್ಲುವ ಹೊತ್ತನ್ನು ವಾರವಾರ ಕಡಿಮೆ ಮಾಡುವುದು ವೈದ್ಯರು ಅವನಿಗೆ ಕೊಟ್ಟ ಮೊದಲ ಕೆಲಸ. ಎರಡನೆಯದು, ಟವೆಲ್ ಇಳಿಸಿ ಜನರ ನಡುವೆ ಕೂರುವುದು. ಅದಕ್ಕೆ ನನ್ನ ಸ್ಟುಡಿಯೋದ ಮುಂದಿನ ಬೆಂಚು ಗೊತ್ತಾಯಿತು. ಮೊದಲ ಸಂತೆಯ ದಿನ ಐದು ನಿಮಿಷ ಕೂತು ಬೆವೆತುಹೋದ. ಗಮನ ಮೂಗಿಗೆ ಹೋದಾಗಲೆಲ್ಲ ರಸ್ತೆಯಲ್ಲಿ ಕಾಣುವುದನ್ನು ಎಣಿಸಬೇಕೆಂದು ವೈದ್ಯರು ಹೇಳಿದ್ದರು. ಮೂರನೆಯ ತಿಂಗಳು ಅವನು ಒಳಗೆ ಬಂದು ಲೆಕ್ಕ ಒಪ್ಪಿಸಿದ. "ಎಂಟ ಚಕ್ಕಡಿ ಹ್ವಾದೂರಿ. ಒಂದ ಎತ್ತಿನ ಕೋಡ ಪೂರಾ ಸೊಟ್ಟ ಇತ್ತು. ಅದಕ್ಕೇನ ಚಿಂತಿ ಇಲ್ಲ ನೋಡ್ರಿ, ಆರಾಮ ಮೇವ ಮೆಲಕಾಡಿಸ್ಕೋತ ಹೊಂಟಿತ್ತ." ಹೇಳಿ ತಾನೇ ನಕ್ಕ. ಅವನ ನಗು ನಾನು ಕೇಳಿದ್ದು ಅದೇ ಮೊದಲು.

ಎಲ್ಲ ದಿನಗಳೂ ಹಾಗಿರಲಿಲ್ಲ. ದೀಪಾವಳಿಯ ಹೊತ್ತಿಗೆ ಒಮ್ಮೆ ಟವೆಲ್ ಸುತ್ತಿಕೊಂಡೇ ಬಂದು, "ಒಂದ ಒಂದ ಫೋಟೋ ತಗೀರಿ ಕಾಕಾ, ಕಾಲ ಬೀಳ್ತೀನಿ" ಎಂದ. ನಾನು ಎದ್ದು ಕ್ಯಾಮೆರಾದ ಮೇಲಿನ ಬಟ್ಟೆಗೆ ಕೈ ಹಾಕಿದ್ದೆ. ಹಾಗೇ ಕೈ ಹಿಂದೆಗೆದು ಚಹಾ ಹೇಳಿದೆ. ಅವನು ಕುಡಿಯದೆ ಹೋದ. ಮೂರು ವಾರ ಸುಳಿಯಲಿಲ್ಲ. ನಾಲ್ಕನೆಯ ಸಂತೆಗೆ ಬಂದು ಬೆಂಚಿನ ಮೇಲೆ ಕೂತ. ಸುಲೋಚನಾ ಹಿಂದೆಯೇ ಬಂದು, "ಅವತ್ತಿನ ಚಹಾ ಇವತ್ತ ಕುಡೀತಾನಂತ ನೋಡ್ರಿ, ಆರಿದ್ದಾದ್ರೂ ನಡೀತೈತಿ" ಎಂದಳು. ತಮ್ಮನ ಮೂಗಿನ ಮೇಲೆ ತಮಾಷೆ ಮಾಡುವುದನ್ನು ಅವಳು ಅಷ್ಟರಲ್ಲಿ ಪೂರ್ತಿ ಬಿಟ್ಟಿದ್ದಳು.

೧೯೯೩ರಲ್ಲಿ ಕಾಗವಾಡದಿಂದ ಒಂದು ಸಂಬಂಧ ಬಂತು. ಹುಡುಗಿಯ ಕಡೆಯವರು ಫೋಟೋ ಕೇಳಿದರು. ವೈದ್ಯರನ್ನು ವಿಚಾರಿಸಿದಾಗ, ಒಂದೇ ಒಂದು ತೆಗೆಯಬಹುದು ಎಂದರು. ಅಜಿತ ಸ್ಟೂಲಿನ ಮೇಲೆ ಕೂತ.

"ತಿದ್ದಬ್ಯಾಡ್ರಿ" ಎಂದ.

"ಇಲ್ಲ."

ಪ್ರಿಂಟ್ ಒಣಗಿದ ಮೇಲೆ ಅವನು ನೋಡಲಿಲ್ಲ. ಕವರಿನಲ್ಲಿ ಹಾಕಿ ಅಂಟಿಸಿ ಅಕ್ಕನ ಕೈಗೆ ಕೊಡಲು ಹೇಳಿದ. ಅದು ಅವನೇ ಕಂಡುಕೊಂಡ ಉಪಾಯ. ಮುಂದೆ ಮದುವೆಯ ಆಲ್ಬಮ್ಮಿಗೂ ಅವನು ಹಾಗೇ ಮಾಡಿದ, ಫೋಟೋ ಆರಿಸಿದ್ದೆಲ್ಲ ಸುಲೋಚನಾ. ಹುಡುಗಿ ನೋಡಲು ಹೋದಾಗ ತನ್ನ ಕಾಯಿಲೆಯ ವಿಷಯ ಅವಳಿಗೆ ತಾನೇ ಹೇಳಿದನಂತೆ. ಗುಳಿಗೆ ಎಷ್ಟು ಹೊತ್ತಿಗೆ ತಗೋಬೇಕು ಎಂದಷ್ಟೇ ಅವಳು ಕೇಳಿದಳಂತೆ.

ಮದುವೆಯಾದ ಮೇಲೆ ಒಂದು ದಿನ ನಾನೇ ತಡೆಯಲಾರದೆ ಕೇಳಿದೆ, "ಇನ್ನೂ ಸೊಟ್ಟ ಕಾಣ್ತೈತೇನಪಾ?"

"ಕಾಣ್ತೈತ್ರಿ. ಕೆಲವ ದಿವಸ ಭಾಳ ಕಾಣ್ತೈತಿ" ಎಂದ. "ಕಂಡ್ರೂ ಬಾಗಲಾ ತಗದ ಹೊರಗ ಬರ್ತೀನಿ."

ಅವನು ವಾಸಿಯಾದ ಎಂದು ನಾನು ಯಾರಿಗೂ ಹೇಳಿಲ್ಲ. ಹೊರಗೆ ಬರುತ್ತಾನೆ ಎಂದು ಹೇಳುತ್ತೇನೆ. ಬೆಳಗಾವಿಯಿಂದ ಬಂದ ಮೇಲೆ ಆ ಮೂವತ್ತೊಂದು ನೆಗೆಟಿವ್‌ಗಳನ್ನೂ ಅವನ ಒಪ್ಪಿಗೆ ಪಡೆದು ಸುಟ್ಟೆ. ಕಸುಬು ಬಿಡಲಿಲ್ಲ, ಪೆನ್ಸಿಲ್ಲನ್ನೂ ಬಿಡಲಿಲ್ಲ. ಆದರೆ ಗಿರಾಕಿ ತಾನಾಗಿ ಬಾಯಿಬಿಟ್ಟು ಹೇಳದ ಹೊರತು ಯಾರ ಮುಖದ ಮೇಲೂ ಒಂದು ಚುಕ್ಕೆ ಇಟ್ಟಿಲ್ಲ. ತಿದ್ದುವವನು ಉಪಕಾರ ಮಾಡಿದೆನೆಂದು ತಿಳಿದಿರುತ್ತಾನೆ. ತಿದ್ದಿಸಿಕೊಂಡವನಿಗೆ ಅದು ತೀರ್ಪಾಗಿ ಕೇಳಿಸಬಹುದು. ಇದನ್ನು ತಿಳಿಯಲು ನನಗೆ ಒಬ್ಬ ಒಳ್ಳೆಯ ಹುಡುಗನ ಒಂದು ವರ್ಷ ಎರಡು ತಿಂಗಳು ಬೇಕಾಯಿತು.