ಡೇಗೆಮರಿಗಳ ಅಕ್ಕೋರು

ಕಾರವಾರದ ಮೀನುಪೇಟೆಯಲ್ಲಿ ಬಂಗಡೆ ಮಾರುವ ವೈಜಯಂತಿಬಾಯಿಗೆ ತಿಳಿಯದ ವಿಷಯವೇ ಇಲ್ಲ. ಎದುರಿನ ಟೆಲಿಫೋನ್ ಟವರಿನಲ್ಲಿ ಡೇಗೆ ಹಕ್ಕಿ ಮರಿ ಮಾಡಿದ್ದೇ ತಡ, ಅವಳೇ ಸೂಲಗಿತ್ತಿ, ಅವಳೇ ಶಾಲೆಯ ಅಕ್ಕೋರು. ತಾಯಿಹಕ್ಕಿ ಪಾರಿವಾಳ ಹಿಡಿದು ತಂದು, ಮರಿಗಳ ಮುಂದೆ ಸುಳಿದು, ಕೊಡದೆ ತಿರುಗಿತೆಂದರೆ ಇವಳ ಕತ್ತಿ ಮೀನಿನ ಮೇಲೆಯೇ ನಿಲ್ಲುತ್ತದೆ. "ಹಾಂಗೇ ಮಾಡ್ಬೇಕು. ಬಾಯಿಗೇ ಇಟ್ರೆ ಅವು ಯಾವಾಗ ಹಾರುದು?" ಗಿರಾಕಿಗಳೂ ಕತ್ತೆತ್ತಿ ಹೌದೆನ್ನಬೇಕು. ಮೊನ್ನೆ ಕೊನೆಯ ಮರಿ ಅಂಚಿಗೆ ಬಂದಾಗ, "ಹಾರು, ಹೆದರ್ಬೇಡ" ಎಂದು ಗದರಿದವಳೇ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. "ಹಾರಿತು ಆಯಿ, ಕಣ್ಣು ಬಿಡು," ಎಂದಳು ಪಕ್ಕದಲ್ಲಿದ್ದ ಮಗಳು ಲತಾ. ಸ್ಕೂಟಿ ಕಲಿತು ವರ್ಷವಾದರೂ ಲತಾ ಒಬ್ಬಳೇ ಓಡಿಸಿದ್ದಿಲ್ಲ. ಹಿಂದೆ ಆಯಿ ಕೂತಿರಲೇಬೇಕು. ಆ ಮಧ್ಯಾಹ್ನ ವೈಜಯಂತಿ ಖಾಲಿ ಬುಟ್ಟಿಯನ್ನಷ್ಟೇ ಹಿಂದಿನ ಸೀಟಿಗೆ ಕಟ್ಟಿ, ತಾನು ಬಸ್ ಹಿಡಿದಳು.